ತೋಟದ ಮರಗಳ ಬುಡದಲ್ಲೇಳುವ ಅಣಬೆಗಳು: ನಿರುಪದ್ರವಿಗಳನ್ನು ಗುರುತಿಸುವ ಕ್ರಮ

ಮುಂಗಾರು ಮಳೆ ಹಿಡಿದು ನೆಲವು ಚೆನ್ನಾಗಿ ನೆನೆದ ಮೇಲೆ, ನಡುವೆ ಎರಡು ದಿನ ಬಿಸಿಲು ಕಂಡಿತೆಂದರೆ, ಅಡಕೆ ತೆಂಗುಗಳ ತೋಟಗಳಲ್ಲಿಯೂ ಮಾವು ಹಲಸುಗಳ ನೆರಳಿನಲ್ಲಿಯೂ ಬಗೆಬಗೆಯ ಅಣಬೆಗಳು ಬೆಳಗಾಗುವಷ್ಟರಲ್ಲಿ ತಲೆಯೆತ್ತಿ ನಿಲ್ಲುವುದನ್ನು ಎಲ್ಲರೂ ಕಂಡಿದ್ದಾರೆ. ಇವನ್ನು ಕಂಡೊಡನೆಯೇ ತೋಟಕ್ಕೆ ರೋಗ ತಗಲಿತೆಂದು ಹೆದರಿ, ಕೆಲವರು ಮರದ ಬುಡಕ್ಕೆ ಮೈಲುತುತ್ತದ ನೀರನ್ನು ಹೊಯ್ಯಿಸುತ್ತಾರೆ. ಕೆಲವರು ಬುಡವನ್ನು ಆಳವಾಗಿ ಅಗೆಯಿಸಿ ಬೇರುಗಳನ್ನು ಕಡಿಸುತ್ತಾರೆ. ಮತ್ತೆ ಕೆಲವರು ಫಲ ಕೊಡುತ್ತಿರುವ ಮರವನ್ನೇ ಉರುಳಿಸುತ್ತಾರೆ. ಈ ಮೂರು ಕೆಲಸಗಳಿಂದಲೂ ನಷ್ಟವೇ ಹೊರತು ಲಾಭವಿಲ್ಲ. ಏಕೆಂದರೆ ನೆಲದ ಮೇಲೇಳುವ ಅಣಬೆಗಳಲ್ಲಿ ಬಹು ಪಾಲು ಮರಕ್ಕೆ ಯಾವ ಕೇಡನ್ನೂ ಮಾಡತಕ್ಕವುಗಳಲ್ಲ.

ಈ ಭಯಕ್ಕೆ ರೋಗದ ಹೆಸರೇ ಮುಖ್ಯವಾದ ಕಾರಣವೆಂದು ತೋರುತ್ತದೆ. ಅಡಕೆ ಮರದ ಬುಡವನ್ನು ಕೊಳೆಯಿಸಿ ಕೊಲ್ಲುವ ಒಂದು ವ್ಯಾಧಿಗೆ ನಮ್ಮ ಮಲೆನಾಡಿನ ಜನರು ಬಹು ಕಾಲದಿಂದ "ಅಣಬೆ ರೋಗ"ವೆಂದು ಹೇಳುತ್ತ ಬಂದಿದ್ದಾರೆ. ೧೯೦೬ರಷ್ಟು ಹಿಂದೆಯೇ ಇ. ಜೆ. ಬಟ್ಲರ್ ಅವರು ಅಂದಿನ ಮೈಸೂರು ಸಂಸ್ಥಾನದ ತೋಟಗಳಲ್ಲಿ ಈ ರೋಗವಿರುವುದನ್ನು ವರದಿ ಮಾಡಿದ್ದರು. ಹೆಸರೇನೋ ಸರಿಯಾದುದೇ. ಆದರೆ ಅದರಿಂದ ಎರಡು ತಪ್ಪು ತಿಳಿವಳಿಕೆಗಳು ಬೆಳೆದಿವೆ. ಮೊದಲನೆಯದು, ಅಣಬೆ ಕಂಡಲ್ಲೆಲ್ಲ ರೋಗವುಂಟೆಂಬುದು. ಎರಡನೆಯದು, ಅಣಬೆ ಕಾಣದಿದ್ದರೆ ರೋಗವಿಲ್ಲವೆಂಬುದು. ಎರಡನೆಯದು ಮೊದಲನೆಯದಕ್ಕಿಂತಲೂ ಅಪಾಯಕರವಾದುದು. ಇವೆರಡನ್ನೂ ನಿವಾರಿಸುವುದೇ ಈ ಲೇಖನದ ಉದ್ದೇಶ.

ಅಣಬೆಯೆಂದರೇನು

ಅಣಬೆ ಅಥವಾ ನಾಯಿಕೊಡೆಯೆಂದು ನಾವು ಕರೆಯುವುದು ಒಂದು ಪೂರ್ಣವಾದ ಸಸ್ಯವಲ್ಲ. ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ ಹಾಗೆ, ಶಿಲೀಂಧ್ರವೆಂಬ ಜೀವಿಗೆ ಅಣಬೆಯು ಅದರ ಫಲ ಮಾತ್ರ. ಶಿಲೀಂಧ್ರದ ನಿಜವಾದ ಶರೀರವು ಹತ್ತಿಯ ಎಳೆಗಿಂತಲೂ ಸೂಕ್ಷ್ಮವಾದ ಬಿಳಿಯ ತಂತುಗಳ ರೂಪದಲ್ಲಿ ಮಣ್ಣಿನೊಳಗೂ ತರಗೆಲೆಗಳ ನಡುವೆಯೂ ಕೊಳೆಯುವ ಮರದ ತುಂಡುಗಳೊಳಗೂ ವರ್ಷವೆಲ್ಲ ಹರಡಿಕೊಂಡಿರುತ್ತದೆ. ಗೊಬ್ಬರದ ಗುಂಡಿಯ ಹಳೆಯ ಸೊಪ್ಪನ್ನು ಎತ್ತಿದಾಗ ಕಾಣುವ ಬಿಳಿಯ ಬೂಷ್ಟು ಬಹುಮಟ್ಟಿಗೆ ಇದೇ ಆಗಿರುತ್ತದೆ. ತೇವವೂ ಹದವಾದ ಬಿಸುಪೂ ಕೂಡಿದಾಗ ಈ ತಂತುಗಳು ಒತ್ತಾಗಿ ಸೇರಿ ಕೊಡೆಯಾಗಿ ಮೇಲೇಳುತ್ತವೆ. ಕೊಡೆಯ ಕೆಳಭಾಗದಿಂದ ಕಣ್ಣಿಗೆ ಬಿಡಿಯಾಗಿ ಕಾಣದಷ್ಟು ಸಣ್ಣ ಬೀಜಾಣುಗಳು ಉದುರಿ ಗಾಳಿಯಲ್ಲಿ ಹರಡುತ್ತವೆ. ಆದುದರಿಂದ ಅಣಬೆಯನ್ನು ಕಿತ್ತೆಸೆದ ಮಾತ್ರಕ್ಕೆ ಶಿಲೀಂಧ್ರವು ನಾಶವಾಗುವುದಿಲ್ಲ. ನಿರುಪದ್ರವಿಯಾದುದನ್ನು ನಾಶಮಾಡುವ ಅಗತ್ಯವೂ ಇಲ್ಲ.

ಈ ಜೀವಿಗಳು ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳಲಾರವು. ಆದಕಾರಣ ಅವು ಮೂರು ಬಗೆಯಾಗಿ ಜೀವಿಸುತ್ತವೆ. ಕೆಲವು ಸತ್ತ ಎಲೆ, ಕಡ್ಡಿ, ಸಗಣಿ, ಕೊರಡುಗಳನ್ನು ಕೊಳೆಯಿಸಿ ಉಣ್ಣುತ್ತವೆ. ಕೆಲವು ಮರಗಳ ಬೇರಿನೊಡನೆ ಸ್ನೇಹದಿಂದಿದ್ದು, ಮರಕ್ಕೆ ನೀರನ್ನೂ ಲವಣಗಳನ್ನೂ ಒದಗಿಸಿ, ಅದರಿಂದ ಸಕ್ಕರೆಯನ್ನು ಪಡೆಯುತ್ತವೆ. ಕೆಲವು ಮಾತ್ರ ಬದುಕಿರುವ ಮರವನ್ನು ಹೊಕ್ಕು ಅದನ್ನು ತಿನ್ನುತ್ತವೆ. ಮೊದಲಿನವೆರಡು ಮಿತ್ರರು, ಮೂರನೆಯದೊಂದೇ ಶತ್ರು.

ಅಡಕೆಯ ಹಾಳೆ, ಸೋಗೆ, ಸಿಪ್ಪೆ ಮುಂತಾದ ನಾರಿನ ಪದಾರ್ಥಗಳು ಸುಲಭವಾಗಿ ಕರಗತಕ್ಕವುಗಳಲ್ಲ. ಅವುಗಳಲ್ಲಿರುವ ಗಟ್ಟಿಯಾದ ಮರದಂಶವನ್ನು ಒಡೆದು ಗೊಬ್ಬರವನ್ನಾಗಿ ಮಾಡುವುದರಲ್ಲಿ ಶಿಲೀಂಧ್ರಗಳನ್ನು ಮೀರಿಸುವ ಜೀವಿ ಬೇರೆ ಇಲ್ಲ. ಸೊಪ್ಪಿನಬೆಟ್ಟದಿಂದ ಹೊತ್ತು ತಂದು ಹರಡಿದ ಸೊಪ್ಪು ಮರಕ್ಕೆ ದಕ್ಕಬೇಕಾದರೆ ಈ ಜೀವಿಗಳು ಕೆಲಸಮಾಡಲೇಬೇಕು. ಬುಡದಲ್ಲಿ ಅಣಬೆಯೆದ್ದಿತೆಂದರೆ ಹಾಕಿದ ಸೊಪ್ಪು ಗೊಬ್ಬರವಾಗುತ್ತಿದೆಯೆಂದು ಸಾಧಾರಣವಾಗಿ ತಿಳಿಯಬಹುದು.

ಸಾಧಾರಣವಾಗಿ ಕಾಣುವ ನಿರುಪದ್ರವಿಗಳು

ಎಲ್ಲ ಜಾತಿಗಳನ್ನೂ ಇಲ್ಲಿ ವಿವರಿಸುವುದು ಸಾಧ್ಯವಿಲ್ಲ. ತೋಟದಲ್ಲಿ ಪದೇ ಪದೇ ಕಂಡು ಸಂದೇಹಕ್ಕೆ ಕಾರಣವಾಗುವ ಕೆಲವನ್ನು ಮಾತ್ರ ಹೇಳುತ್ತೇನೆ.

೧. ಮಸಿಯಾಗಿ ಕರಗುವ ಅಣಬೆ. ಕೊಟ್ಟಿಗೆ ಗೊಬ್ಬರ ಹಾಕಿದ ಬುಡಗಳಲ್ಲಿ ಗುಂಪುಗುಂಪಾಗಿ ಏಳುತ್ತದೆ. ಬಿಳಿ ಅಥವಾ ಬೂದು ಬಣ್ಣದ ಗಂಟೆಯಾಕಾರದ ಕೊಡೆ; ತೆಳುವಾದ ಟೊಳ್ಳು ಕಾಲು. ಬೆಳಿಗ್ಗೆ ನೆಟ್ಟಗೆ ನಿಂತಿದ್ದುದು ಸಂಜೆಯೊಳಗಾಗಿ ಅಂಚಿನಿಂದ ಕಪ್ಪಗಾಗಿ ಮಸಿಯಂತೆ ಕರಗಿ ಹೋಗುತ್ತದೆ. ಈ ಕಪ್ಪು ನೀರನ್ನು ಕಂಡು ಮರದ ಬುಡವು ಕೊಳೆತು ಸೋರುತ್ತಿದೆಯೆಂದು ತಿಳಿದವರುಂಟು. ಅದು ಅಣಬೆಯದೇ ರಸವು.

೨. ತರಗೆಲೆಯ ಸಣ್ಣ ಅಣಬೆ. ಕುದುರೆಯ ಕೂದಲಿನಂಥ ಕಪ್ಪು ಕಾಲಿನ ಮೇಲೆ ಕಾಳಿನಷ್ಟು ಅಥವಾ ಬೆರಳ ಉಗುರಿನಷ್ಟು ಅಗಲದ ಕೊಡೆ. ಒಣಗಿದ ಎಲೆ ಕಡ್ಡಿಗಳ ಮೇಲೆಯೇ ಇರುತ್ತದೆ. ಬಿಸಿಲಿಗೆ ಸುರುಟಿ, ಮಳೆ ಬಿದ್ದೊಡನೆ ಮತ್ತೆ ಅರಳುತ್ತದೆ.

೩. ಹಕ್ಕಿಗೂಡಿನಂಥ ಅಣಬೆ. ಕಾಲಂಗುಲ ಅಗಲದ ಸಣ್ಣ ಬಟ್ಟಲು. ಅದರೊಳಗೆ ಹುರುಳಿಕಾಳಿನಂತೆ ಚಪ್ಪಟೆಯಾದ ಬೂದು ಬಣ್ಣದ ಮೊಟ್ಟೆಗಳು. ಮಳೆಯ ಹನಿ ಬಟ್ಟಲಿನೊಳಕ್ಕೆ ಬಿದ್ದಾಗ ಈ ಮೊಟ್ಟೆಗಳು ಹೊರಕ್ಕೆ ಸಿಡಿದು ಅಂಟಿಕೊಂಡು ಹೊಸ ಸ್ಥಳಗಳಲ್ಲಿ ಬೆಳೆಯುತ್ತವೆ. ಕೊಳೆತ ಕಡ್ಡಿ ಚೂರುಗಳೇ ಇದರ ಆಹಾರ.

೪. ಧೂಳುಂಡೆ. ಕಾಲಿಲ್ಲದ ಬಿಳಿಯ ಉಂಡೆ. ಎಳೆಯದಾಗಿದ್ದಾಗ ಒಳಗೆ ಗಿಣ್ಣಿನಂತೆ ಬೆಳ್ಳಗೆ, ಬಲಿತಾಗ ಒಡೆದು ಕಂದು ಧೂಳನ್ನು ಹೊರಗೆಡಹುತ್ತದೆ. ನೋಡಲು ಇದೇ ತೆರನಾಗಿರುವ, ಕರಾವಳಿಯಲ್ಲಿ ಮೊದಲ ಮಳೆಗೆ ಅಗೆದು ತೆಗೆದು ಪೇಟೆಯಲ್ಲಿ ಮಾರುವ ಕಲ್ಲಣಬೆಯು ಬೋಗಿ ಜಾತಿಯ ಕಾಡುಮರಗಳ ಬೇರಿನೊಡನೆ ಸ್ನೇಹದಿಂದ ಬಾಳತಕ್ಕದ್ದು. ನೀಲಗಿರಿ, ಅಕೇಶಿಯ ನೆಡುತೋಪುಗಳಲ್ಲಿಯೂ ಬೇರಿಗೆ ನೆರವಾಗುವ ಇಂಥ ಉಂಡೆಯಣಬೆಗಳು ಕಾಣುತ್ತವೆ.

೫. ಜಾಲರಿಯ ಅಣಬೆ. ಮೊಟ್ಟೆಯಂಥ ಗಡ್ಡೆಯಿಂದೆದ್ದು, ಬಿಳಿಯ ಕಾಲಿನ ಸುತ್ತ ಬಲೆಯಂಥ ಲಂಗವನ್ನು ಇಳಿಬಿಡುತ್ತದೆ. ತುದಿಯಲ್ಲಿರುವ ಹಸುರುಗಂದು ಲೋಳೆಯಿಂದ ಹೆಣದ ದುರ್ವಾಸನೆ ಹೊರಡುತ್ತದೆ. ವಾಸನೆಗೆ ನೊಣಗಳು ಬಂದು ಬೀಜಾಣುಗಳನ್ನು ಕೊಂಡೊಯ್ಯುತ್ತವೆ. ವಾಸನೆಯೊಂದೇ ಇದರ ದೋಷ.

೬. ಹಳದಿಯ ಲೋಳೆ. ಮುಚ್ಚಿಗೆಯ ಸೊಪ್ಪಿನ ಮೇಲೆ ಯಾರೋ ವಾಂತಿ ಮಾಡಿದಂತೆ ಹಳದಿ ಬಣ್ಣದ ಲೋಳೆ ಹರಡಿ, ಒಂದೆರಡು ದಿನಗಳಲ್ಲಿ ಒಣಗಿ ಪುಡಿಯಾಗುತ್ತದೆ. ಇದು ಮೆಲ್ಲಮೆಲ್ಲನೆ ಸ್ಥಳವನ್ನು ಬದಲಾಯಿಸುವುದರಿಂದ ಜನರು ಬಹಳವಾಗಿ ಹೆದರುತ್ತಾರೆ. ವಾಸ್ತವದಲ್ಲಿ ಇದು ಅಣಬೆಯ ಜಾತಿಗೆ ಸೇರಿದುದೇ ಅಲ್ಲ. ಸೂಕ್ಷ್ಮಜೀವಿಗಳನ್ನು ತಿಂದು ಬದುಕುವ ಬೇರೊಂದು ಜೀವಿ. ಮರದ ಬೇರಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

೭. ಹುತ್ತದ ಅಣಬೆ. ಗೆದ್ದಲುಗಳು ತಮ್ಮ ಗೂಡಿನೊಳಗೆ ತಾವೇ ಸಾಕುವ ಶಿಲೀಂಧ್ರದ ಫಲವಿದು. ಇದರ ಕಾಲನ್ನು ಅನುಸರಿಸಿ ಅಗೆದರೆ ಅದು ಬೇರಿನಂತೆ ಉದ್ದವಾಗಿ ಇಳಿದು ಗೆದ್ದಲಿನ ಗೂಡನ್ನು ಮುಟ್ಟುವುದನ್ನು ಕಾಣಬಹುದು. ಮರದ ಬೇರಿನಿಂದ ಹೊರಟಿತೆಂದು ಭ್ರಮಿಸಲು ಇದೇ ಕಾರಣ.

ಅಪಾಯದ ಅಣಬೆ

ಅಣಬೆ ರೋಗವನ್ನುಂಟುಮಾಡತಕ್ಕದ್ದು ಗ್ಯಾನೊಡರ್ಮವೆಂಬ ಶಿಲೀಂಧ್ರ. ಇದರ ಅಣಬೆಯು ಕೊಡೆಯಂತಿರದೆ ಬೀಸಣಿಗೆಯಂತೆ ಅಥವಾ ಗೋಡೆಗೆ ಹೊಡೆದ ಹಲಗೆಯಂತೆ ಮರದ ಬುಡದಿಂದ ಅಡ್ಡಲಾಗಿ ಚಾಚುತ್ತದೆ. ಮೇಲ್ಭಾಗವು ಅರಗು ಬಳಿದಂತೆ ಹೊಳೆಯುವ ಕೆಂಪುಗಂದು. ಬೆಳೆಯುತ್ತಿರುವ ಅಂಚು ಬಿಳಿ. ಕೆಳಭಾಗದಲ್ಲಿ ಮಡಿಕೆಗಳಿರುವುದಿಲ್ಲ, ಸೂಜಿಯಿಂದ ಚುಚ್ಚಿದಂಥ ಸಣ್ಣ ರಂಧ್ರಗಳಿರುತ್ತವೆ. ಮುಟ್ಟಿದರೆ ಮರದಂತೆ ಗಟ್ಟಿ. ಇದು ಎರಡು ದಿನಗಳಲ್ಲಿ ಮಾಯವಾಗುವುದಿಲ್ಲ, ತಿಂಗಳುಗಟ್ಟಲೆ ನಿಲ್ಲುತ್ತದೆ.

ಆದರೆ ಇದನ್ನು ಕಾಣುವ ತನಕ ಕಾಯಕೂಡದು. ಈ ಶಿಲೀಂಧ್ರವು ಮೊದಲು ಬೇರನ್ನು ಹೊಕ್ಕು ಕೊಳೆಯಿಸಿ, ಬಳಿಕ ಬುಡವನ್ನು ಸೇರಿ, ಕೊನೆಗೆ ಅಣಬೆಯನ್ನು ಬಿಡುತ್ತದೆ. ಅನೇಕ ಸಲ ಮರವು ಸತ್ತ ನಂತರವೇ ಅಣಬೆ ಕಾಣುತ್ತದೆ. ಅದಕ್ಕೆ ಬಹಳ ಮೊದಲೇ ಮರವು ತನ್ನ ಸಂಕಟವನ್ನು ಬೇರೆ ಗುರುತುಗಳಿಂದ ತಿಳಿಸುತ್ತದೆ. ಹೊರಸುತ್ತಿನ ಸೋಗೆಗಳು ಹಳದಿಯಾಗಿ ಜೋತುಬಿದ್ದು ಕಾಂಡವನ್ನು ಮುಚ್ಚಿಕೊಳ್ಳುತ್ತವೆ. ಕ್ರಮೇಣ ಒಳಸುತ್ತಿಗೂ ಅದೇ ಗತಿ. ಬುಡದ ಕಾಂಡದ ಮೇಲೆ ಕಂದು ಕಲೆಗಳೆದ್ದು ಕಂದು ಬಣ್ಣದ ರಸ ಒಸರುತ್ತದೆ. ಬೇರುಗಳು ಕಂದಾಗಿ ಮುಟ್ಟಿದರೆ ಮುರಿಯುತ್ತವೆ. ಕಾಂಡವು ಪೆಡಸಾಗಿ ಗಾಳಿಗೆ ಮುರಿದು ಬೀಳುತ್ತದೆ. ತೆಂಗಿಗೂ ಇದೇ ವರ್ಗದ ಶಿಲೀಂಧ್ರದಿಂದ ಬುಡ ಕೊಳೆಯುವ ರೋಗ ಬರುತ್ತದೆ; ೧೯೫೨ರ ಚಂಡಮಾರುತದ ಅನಂತರ ತಂಜಾವೂರು ಸೀಮೆಯ ತೆಂಗಿನ ತೋಟಗಳಲ್ಲಿ ಇದು ಹೆಸರಾಯಿತು.

ಪರೀಕ್ಷಿಸುವ ಕ್ರಮ

ಬುಡದಲ್ಲಿ ಅಣಬೆ ಕಂಡಾಗ ಈ ಕೆಳಗಿನ ನಾಲ್ಕು ಪರೀಕ್ಷೆಗಳನ್ನು ಕ್ರಮವಾಗಿ ಮಾಡತಕ್ಕದ್ದು. ಇದಕ್ಕೆ ಒಂದು ಚೂರಿಯೂ ಒಂದು ಕಡ್ಡಿಯೂ ಸಾಕು.

ಮೊದಲನೆಯದು ಮೂಲದ ಪರೀಕ್ಷೆ. ಅಣಬೆಯ ಸುತ್ತಲಿನ ಮಣ್ಣನ್ನು ಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಅದು ಯಾವುದರ ಮೇಲೆ ನಿಂತಿದೆಯೆಂದು ನೋಡಬೇಕು. ಬರಿಯ ಮಣ್ಣು, ಸೊಪ್ಪು, ಸಗಣಿ, ಸಿಪ್ಪೆ, ಕಡ್ಡಿಗಳ ಮೇಲಿದ್ದರೆ ಭಯವಿಲ್ಲ. ಕಾಂಡಕ್ಕಾಗಲಿ ಮರದ ಬೇರಿಗಾಗಲಿ ಅಂಟಿಕೊಂಡಿದ್ದರೆ ಮುಂದಿನ ಪರೀಕ್ಷೆಗಳನ್ನು ಎಚ್ಚರದಿಂದ ಮಾಡಬೇಕು.

ಎರಡನೆಯದು ಗಡಸಿನ ಪರೀಕ್ಷೆ. ಬೆರಳಿನಿಂದ ಹಿಚುಕಿದರೆ ಮುದ್ದೆಯಾಗುವುದೂ ನಾಲ್ಕೈದು ದಿನಗಳಲ್ಲಿ ಕೊಳೆತು ಹೋಗುವುದೂ ಸಾಧಾರಣವಾಗಿ ನಿರುಪದ್ರವಿ. ಚೂರಿಗೂ ಸುಲಭವಾಗಿ ಬಗ್ಗದೆ ಮರದಂತಿರುವುದು ಸಂದೇಹಾಸ್ಪದ.

ಮೂರನೆಯದು ಕೆಳಭಾಗದ ಪರೀಕ್ಷೆ. ಅಣಬೆಯನ್ನು ಮಗುಚಿ ನೋಡಿದಾಗ ಪುಸ್ತಕದ ಹಾಳೆಗಳಂತೆ ಮಡಿಕೆಗಳು ಕಂಡರೆ ಅದು ಗ್ಯಾನೊಡರ್ಮವಲ್ಲ. ಸಣ್ಣ ರಂಧ್ರಗಳು ಕಂಡು, ಅಣಬೆಯು ಗಟ್ಟಿಯಾಗಿಯೂ ಇದ್ದರೆ ಎಚ್ಚರಗೊಳ್ಳಬೇಕು.

ನಾಲ್ಕನೆಯದು ಮರದ ಪರೀಕ್ಷೆ, ಇದೇ ಮುಖ್ಯವಾದುದು. ಅಣಬೆಯಿಂದ ಕಣ್ಣನ್ನೆತ್ತಿ ಮರದ ತಲೆಯನ್ನು ನೋಡಬೇಕು. ಆಮೇಲೆ ಕಾಂಡದ ಕೆಳಗಿನ ಮೂರಡಿಯನ್ನು ಸುತ್ತಲೂ ನೋಡಬೇಕು. ಸೋಗೆಗಳು ಹಸುರಾಗಿ ನೆಟ್ಟಗಿದ್ದು, ಕಾಂಡದಲ್ಲಿ ಕಲೆಯೂ ಒಸರೂ ಇಲ್ಲದಿದ್ದರೆ, ನೆಲದ ಮೇಲೆ ನೂರು ಕೊಡೆಗಳೆದ್ದಿದ್ದರೂ ಚಿಂತಿಸಬೇಕಾಗಿಲ್ಲ. ಇದಕ್ಕೆ ವಿರುದ್ಧವಾಗಿ ಸೋಗೆಗಳು ಜೋತು ಬಿದ್ದು ಬುಡ ಒಸರುತ್ತಿದ್ದರೆ, ಒಂದು ಅಣಬೆಯೂ ಇಲ್ಲದಿದ್ದರೂ ಆ ಮರವನ್ನು ರೋಗಿಯೆಂದೇ ಎಣಿಸತಕ್ಕದ್ದು.

ಇಲ್ಲಿ ಒಂದು ಮಾತನ್ನು ಮರೆಯಕೂಡದು. ಹಿಂದೆ ಕಡಿದ ಮರದ ಕೊರಡಿನ ಮೇಲಾಗಲಿ, ನೆಲದಲ್ಲಿ ಹೂತುಹೋದ ಹಳೆಯ ಬೇರಿನ ಮೇಲಾಗಲಿ ಹೊಳೆಯುವ ಗಟ್ಟಿ ಅಣಬೆ ಕಂಡರೆ, ಪಕ್ಕದ ಮರಗಳು ಆರೋಗ್ಯವಾಗಿದ್ದರೂ ಅದು ನಿರುಪದ್ರವಿಯಲ್ಲ. ರೋಗವು ಮುಖ್ಯವಾಗಿ ಇಂಥ ಕೊರಡು ಬೇರುಗಳಿಂದಲೇ ನೆಲದೊಳಗೆ ನೆರೆಮರಗಳ ಬೇರಿಗೆ ದಾಟುತ್ತದೆ.

ಒಂದು ಗ್ರಾಮದಲ್ಲಿ ನಡೆದುದು

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಗ್ರಾಮದಲ್ಲಿ ಒಬ್ಬ ಯಜಮಾನರು ನೆರೆಯವರಿಂದ ಅಡಕೆಸಿಪ್ಪೆಯ ಹಳೆಯ ಗೊಬ್ಬರವನ್ನು ಕೊಂಡು ತಮ್ಮ ತೋಟದ ಮೇಲಿನ ಸಾಲುಗಳಿಗೆ ಹಾಕಿಸಿದರು. ಮಳೆಗಾಲದಲ್ಲಿ ಆ ಸಾಲುಗಳ ಬುಡದಲ್ಲೆಲ್ಲ ಬೂದು ಬಣ್ಣದ ಅಣಬೆಗಳೆದ್ದುವು. ನೆರೆಯವರು ಗೊಬ್ಬರದೊಡನೆ ರೋಗವನ್ನೂ ಮಾರಿದರೆಂದು ಜಗಳವಾಯಿತು. ಊರಿನ ಹಿರಿಯರು ಸೇರಿದರು. ರೋಗ ಹರಡುವುದಕ್ಕೆ ಮೊದಲೇ ಮರಗಳನ್ನು ತೆಗೆದುಬಿಡುವುದು ಒಳ್ಳೆಯದೆಂದು ತೀರ್ಮಾನವಾಯಿತು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಫಲ ಕೊಡುತ್ತಿದ್ದ ಹನ್ನೊಂದು ಮರಗಳು ನೆಲಕ್ಕುರುಳಿದ್ದುವು. ಅವುಗಳ ಬುಡವನ್ನು ಸೀಳಿಸಿ ನೋಡಿದೆ, ಒಳಗೆಲ್ಲ ಸ್ವಚ್ಛವಾಗಿತ್ತು. ಬೇರುಗಳೂ ಗಟ್ಟಿಯಾಗಿದ್ದುವು. ಎದ್ದಿದ್ದುದು ಮಸಿಯಾಗಿ ಕರಗುವ ಗೊಬ್ಬರದ ಅಣಬೆ.

ಅದೇ ತೋಟದ ಕೆಳಗಿನ ಅಂಚಿನಲ್ಲಿ, ಬಸಿಗಾಲುವೆ ಹೂಳಿ ನೀರು ನಿಲ್ಲುತ್ತಿದ್ದ ಕಡೆ, ಎರಡು ಮರಗಳ ಹೊರಸೋಗೆಗಳು ಜೋತುಬಿದ್ದಿದ್ದುವು, ಬುಡ ಒಸರುತ್ತಿತ್ತು. ಅಲ್ಲಿ ಒಂದು ಅಣಬೆಯೂ ಇರಲಿಲ್ಲವಾದುದರಿಂದ ಯಾರೂ ಅವನ್ನು ಗಮನಿಸಿರಲಿಲ್ಲ. ಅವುಗಳ ನಡುವೆ ಒಂದು ಹಳೆಯ ಕೊರಡಿತ್ತು. ಹಿಂದಿನ ವರ್ಷ ಬೇರೊಂದು ಕೆಲಸಕ್ಕಾಗಿ ಅಲ್ಲಿಗೆ ಹೋಗಿದ್ದಾಗ ಆ ಕೊರಡಿನ ಮೇಲೆ ಕೆಂಪು ಅಣಬೆಯೊಂದಿದ್ದುದನ್ನು ನಾನೇ ಕಂಡಿದ್ದೆನು. ಅದನ್ನು ಅಗೆದು ಸುಡಿಸಿರೆಂದು ಹೇಳಬೇಕೆಂದುಕೊಂಡವನು, ಮಾತಿನ ನಡುವೆ ಮರೆತು ಬಂದಿದ್ದೆನು. ಅಂದು ಆ ಒಂದು ಮಾತನ್ನು ಆಡಿ ಎರಡು ಬಗೆಯ ಅಣಬೆಗಳ ಭೇದವನ್ನೂ ತಿಳಿಸಿದ್ದರೆ ಹದಿಮೂರು ಮರಗಳೂ ಉಳಿಯುತ್ತಿದ್ದುವೋ ಏನೋ. ಅಡಕೆಯ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷಗಳಾದರೂ ಬೇಕು. ನೆರೆಹೊರೆಯವರ ಮನಸ್ಸು ಕೂಡಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಮಾಡಬಾರದುದು, ಮಾಡಬೇಕಾದುದು

ನಿರುಪದ್ರವಿ ಅಣಬೆಗಳಿಗಾಗಿ ನೆಲಕ್ಕೆ ಮೈಲುತುತ್ತವನ್ನು ಹಾಕಕೂಡದು. ೧೯೦೮ರಲ್ಲಿ ಮೈಸೂರಿಗೆ ಬಂದು, ೧೯೧೩ರಲ್ಲಿ ವ್ಯವಸಾಯ ಇಲಾಖೆಯ ಡೈರೆಕ್ಟರರಾದ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗಕ್ಕೆ ಬೋರ್ಡೋ ಮಿಶ್ರಣವನ್ನು ಬಳಕೆಗೆ ತಂದ ಮೇಲೆ ಮೈಲುತುತ್ತದ ಹೆಸರು ಮನೆಮಾತಾಗಿದೆ. ಆದರೆ ಅದನ್ನು ಸುಣ್ಣದೊಡನೆ ಬೆರೆಸಿ ಗೊನೆಗಳಿಗೆ ಸಿಂಪಡಿಸುವುದು ಬೇರೆ; ಬುಡಕ್ಕೆ ಹೊಯ್ಯುವುದು ಬೇರೆ. ತಾಮ್ರವು ಮಣ್ಣಿನಲ್ಲಿ ಕರಗಿ ಹೋಗದೆ ವರ್ಷದಿಂದ ವರ್ಷಕ್ಕೆ ಕೂಡಿಕೊಂಡು ಎರೆಹುಳುಗಳಿಗೂ ಗೊಬ್ಬರ ಮಾಡುವ ಶಿಲೀಂಧ್ರಗಳಿಗೂ ಕೇಡು ಮಾಡುತ್ತದೆ. ಅಣಬೆಗಳು ಕಣ್ಣಿಗೆ ಹಿತವಾಗದಿದ್ದರೆ ಕೋಲಿನಿಂದ ಕೆಡವಿ ಅಲ್ಲಿಯೇ ಬಿಡಬಹುದು, ಅದೂ ಗೊಬ್ಬರವೇ.

ನಿಜವಾದ ಅಣಬೆ ರೋಗವೆಂದು ಗೊತ್ತಾದಲ್ಲಿ, ಸತ್ತ ಮತ್ತು ಗುಣವಾಗದ ಮರಗಳನ್ನು ಬೇರುಸಹಿತ ಅಗೆದು ಸುಡತಕ್ಕದ್ದು. ಕೊರಡನ್ನು ನೆಲದಲ್ಲಿ ಬಿಡಕೂಡದು. ರೋಗಿಯಾದ ಮರದ ಸುತ್ತ, ಬುಡದಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಎರಡಡಿ ಆಳ ಒಂದಡಿ ಅಗಲದ ಕಂದಕವನ್ನು ತೆಗೆದು ನೆರೆಮರಗಳಿಂದ ಅದನ್ನು ಬೇರ್ಪಡಿಸಬೇಕು. ರೋಗದ ಬುಡದಿಂದ ಒಳ್ಳೆಯ ಬುಡಕ್ಕೆ ನೀರು ಹರಿಯದಂತೆ ನೋಡಿಕೊಂಡು, ಬಸಿಗಾಲುವೆಗಳ ಹೂಳನ್ನು ಮಳೆಗಾಲಕ್ಕೆ ಮೊದಲೇ ತೆಗೆಸಬೇಕು. ಸುತ್ತಲಿನ ಮರಗಳಿಗೆ ವರ್ಷಕ್ಕೆ ಮರವೊಂದಕ್ಕೆ ಎರಡು ಕಿಲೋಗ್ರಾಂ ಬೇವಿನ ಹಿಂಡಿಯನ್ನು ಹಾಕುವುದು ಹಿತಕರ. ಟ್ರೈಕೊಡರ್ಮವೆಂಬ ಉಪಕಾರಿ ಶಿಲೀಂಧ್ರವನ್ನು ಅದರೊಡನೆ ಬೆರೆಸಿ ಹಾಕುವುದೂ ಉಂಟು. ಶಿಲೀಂಧ್ರವನ್ನು ಶಿಲೀಂಧ್ರದಿಂದಲೇ ಅಡಗಿಸುವ ಉಪಾಯವಿದು. ಔಷಧಗಳ ವಿಚಾರದಲ್ಲಿ ತೋಟಗಾರಿಕೆ ಇಲಾಖೆಯವರ ಅಥವಾ ವಿಟ್ಲದ ಸಂಶೋಧನ ಕೇಂದ್ರದವರ ಸಲಹೆಯನ್ನು ಪಡೆದು ಮುಂದುವರಿಯುವುದು ಮೇಲು.

ತಿನ್ನುವ ವಿಚಾರ

ಮರಕ್ಕೆ ನಿರುಪದ್ರವಿಯೆಂದರೆ ಮನುಷ್ಯರಿಗೂ ನಿರುಪದ್ರವಿಯೆಂದು ಅರ್ಥವಲ್ಲ. ಹುಲ್ಲಿನ ನೆಲದಲ್ಲಿ ಬಳೆಯಾಕಾರವಾಗಿ ಏಳುವ, ಬಿಳಿಯ ಕೊಡೆಯ ಮೇಲೆ ಕಂದು ಹುರುಪೆಗಳಿರುವ, ಬಲಿತಾಗ ಕೆಳಗಿನ ಮಡಿಕೆಗಳು ಹಸುರಾಗುವ ದೊಡ್ಡ ಅಣಬೆಯು ಗಿಡಮರಗಳಿಗೆ ಏನನ್ನೂ ಮಾಡದು. ತಿಂದವರಿಗೆ ಮಾತ್ರ ಘೋರವಾದ ವಾಂತಿಭೇದಿಗಳನ್ನುಂಟುಮಾಡುತ್ತದೆ. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ, ಬೆಳ್ಳುಳ್ಳಿಯ ಬಣ್ಣ ಕೆಡದಿದ್ದರೆ, ಹುಳು ತಿಂದಿದ್ದರೆ ವಿಷವಿಲ್ಲವೆಂಬ ಮಾತುಗಳನ್ನು ನಂಬಕೂಡದು. ಕೆಲವು ವಿಷಗಳು ಬೇಯಿಸಿದರೂ ಹೋಗುವುದಿಲ್ಲ. ಅತ್ಯಂತ ಮಾರಕವಾದವು ತಿಂದ ಆರು ಗಂಟೆಗಳಿಗೂ ಮೀರಿದ ಮೇಲೆ ತಮ್ಮ ಗುಣವನ್ನು ತೋರಿಸುತ್ತವೆ. ಮನೆಯ ಹಿರಿಯರು ತಲೆಮಾರಿನಿಂದ ಗುರುತಿಸಿ ತಿನ್ನುತ್ತಿರುವುದನ್ನು ಹೊರತು ಬೇರೆಯದನ್ನು ತಿನ್ನದಿರುವುದೇ ಕ್ಷೇಮ. ತಿಂದು ಅಸ್ವಸ್ಥರಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಿಂದ ಅಣಬೆಯ ಚೂರನ್ನೂ ಜೊತೆಗೆ ಒಯ್ಯತಕ್ಕದ್ದು.

ಗ್ರಾಮದ ಮುಖಂಡರಲ್ಲಿಯೂ ಭೂಮಾಲಿಕರಲ್ಲಿಯೂ ಕೊನೆಯದಾಗಿ ಬಿನ್ನಹವಿಷ್ಟೆ. ಅಣಬೆಯೆದ್ದಿತೆಂಬ ಮಾತು ಕೇಳಿಬಂದರೆ ಕೊಡಲಿಗೆ ಅಪ್ಪಣೆ ಕೊಡುವುದಕ್ಕೆ ಮೊದಲು ತಾವೇ ತೋಟಕ್ಕೆ ಹೋಗಿ ಮೇಲಣ ನಾಲ್ಕು ಪರೀಕ್ಷೆಗಳನ್ನು ಮಾಡಿಸಬೇಕು. ಹಾಳುಬಿದ್ದ ತೋಟಗಳಲ್ಲಿಯೂ ಬೇಲಿಯಂಚಿನಲ್ಲಿಯೂ ಉಳಿದ ಕೊರಡುಗಳ ಮೇಲೆ ಗಟ್ಟಿಯಾದ ಕೆಂಪು ಅಣಬೆಗಳಿವೆಯೇ ಎಂದು ಮಳೆಗಾಲದ ಕೊನೆಯಲ್ಲಿ ಒಮ್ಮೆ ನೋಡಿಸಿ, ಇದ್ದರೆ ಇಬ್ಬರು ಮಾಲಿಕರೂ ಕೂಡಿ ತೆಗೆಸುವಂತೆ ಮಾಡಬೇಕು. ಸಂದೇಹ ಬಂದಲ್ಲಿ ಅಣಬೆಯನ್ನು ಅದು ನಿಂತಿದ್ದ ಕಡ್ಡಿ ಅಥವಾ ಬೇರಿನ ತುಂಡಿನೊಡನೆ ಕಾಗದದಲ್ಲಿ ಸುತ್ತಿ ಹತ್ತಿರದ ಇಲಾಖೆಯ ಕಛೇರಿಗೆ ಕಳುಹಿಸಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ದಾರಿಯಲ್ಲಿಯೇ ಕೊಳೆತು ಗುರುತು ಸಿಕ್ಕದೆ ಹೋಗುತ್ತದೆ.